ಎಡಗನ್ನಡಿಯ ಒಕ್ಕಲು

ದೆಹಲಿಯಲ್ಲಿ ಕಾರು ಓಡಿಸುವವರಿಗೆ ಎಡಗಡೆಯ ಕನ್ನಡಿ ಎಂಬುದು ಷೋಕೇಸಿನೊಳಗಿನ ಪಿಂಗಾಣಿ ಟೀ ಸೆಟ್ಟಿನ ಹಾಗೆ. ಇರಬೇಕು, ಇದೆ, ಬಳಸಿದವರನ್ನು ಮಾತ್ರ ಕಂಡವರಿಲ್ಲ. ಬಲಗನ್ನಡಿಯನ್ನು ನಾವು ಆಗಾಗ ನೋಡುವುದುಂಟು. ಹಿಂದಿನಿಂದ ಬರುವವನಿಗೆ ದಾರಿ ಬಿಡುವುದಕ್ಕಲ್ಲ, ಅವನು ದಾರಿ ಕೇಳುತ್ತಿದ್ದಾನೆಂದು ಖಚಿತಪಡಿಸಿಕೊಂಡು ಬಿಡದೆ ಇರುವುದಕ್ಕೆ. ನಡುವಿನ ಕನ್ನಡಿ ಕೂದಲು ಸರಿಮಾಡಿಕೊಳ್ಳುವುದಕ್ಕಾಯಿತು. ಇನ್ನು ಎಡಗನ್ನಡಿಯನ್ನು ಈ ಮಹಾನಗರದ ಸಕಲ ಸಭ್ಯ ಗೃಹಸ್ಥರೂ ಮಡಚಿಯೇ ಇಡುತ್ತಾರೆ. ಇಕ್ಕಟ್ಟಿನಲ್ಲಿ ನುಸುಳುವಾಗ ಅರ್ಧ ಗೇಣು ಜಾಗ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಜಾಗಕ್ಕಾಗಿ ಈ ಊರಿನ ಆಸುಪಾಸಿನಲ್ಲಿ ಹಿಂದೆ ಅಣ್ಣತಮ್ಮಂದಿರು ದೊಡ್ಡ ಯುದ್ಧವನ್ನೇ ಮಾಡಿದ್ದಾರಲ್ಲ! ನನ್ನ ಕಾರಿನ ಎಡಗನ್ನಡಿಯೂ ಕೊಂಡ ಲಾಗಾಯ್ತಿನಿಂದ ಬಾಗಿಲಿಗೆ ಕೆನ್ನೆಯೊತ್ತಿ ಮಲಗಿತ್ತು. ಅದನ್ನು ಎಬ್ಬಿಸಿದ ಮೇಲೆ ನನಗೆ ಏನೇನಾಯಿತೆಂದು ಹೇಳುತ್ತೇನೆ. ನೀವು ಪಕ್ಕದ ಸೀಟಿನಲ್ಲಿ ಕೂತಿದ್ದೀರೆಂದುಕೊಂಡೇ ಹೇಳುತ್ತೇನೆ, ಬೆಲ್ಟು ಹಾಕಿಕೊಳ್ಳಿ.

ಮೊದಲಿಗೆ ನನ್ನ ಉದ್ಯೋಗವನ್ನು ತಿಳಿಸಿಬಿಡಬೇಕು, ನಗುವವರು ಈಗಲೇ ನಕ್ಕುಬಿಡಲಿ. ಗುರುಗ್ರಾಮದ ಒಂದು ಕಂಪನಿಯಲ್ಲಿ ನೌಕರರ ತರಬೇತಿಯ ಹೊಣೆ ನನ್ನದು. ಅದರಲ್ಲೂ ನನ್ನ ವಿಶೇಷ ಪ್ರಾವೀಣ್ಯ ಇರುವುದು ಮನಶ್ಶಾಂತಿಯಲ್ಲಿ. ‘ಒತ್ತಡದ ನಡುವೆ ಒಳನೆಮ್ಮದಿ’ ಎಂಬ ನನ್ನ ಶಿಬಿರಕ್ಕೆ ಜನ ಮೇಲಧಿಕಾರಿಗಳ ಒತ್ತಡದಿಂದಲೇ ಬಂದು ಕೂರುತ್ತಾರೆ. ಹವಾನಿಯಂತ್ರಿತ ಕೋಣೆಯಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆಸಿ, ಕತ್ತಲು ಮಾಡಿಸಿ, ಗೋಡೆಯ ಮೇಲೆ ಒಂದು ಜಲಪಾತ, ಒಂದು ಸೂರ್ಯೋದಯ, ಎಲೆಯ ತುದಿಯಲ್ಲೊಂದು ಹನಿ, ಇಷ್ಟನ್ನು ಒಂದಾದ ಮೇಲೊಂದರಂತೆ ಬಿಟ್ಟು, ‘ನಿಮ್ಮ ಸುತ್ತಲಿನ ಪ್ರಕೃತಿಯನ್ನು ನೋಡಲು ಕಲಿಯಿರಿ’ ಎಂದು ಮಂದ್ರಸ್ಥಾಯಿಯಲ್ಲಿ ಬೋಧಿಸುತ್ತೇನೆ. ಆ ಜಲಪಾತ ಯಾವ ದೇಶದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಶಿಬಿರ ಮುಗಿಸಿ ಸ್ಟೀರಿಂಗ್ ಹಿಡಿದೆನೆಂದರೆ ಮಾತ್ರ ಮಂದ್ರ ಹೋಗಿ ತಾರಕ ಬರುತ್ತದೆ. ತುಮಕೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಹಿಂದಿಯ ಲಿಂಗವಿವೇಕ ಬರುವುದಕ್ಕೆ ಮುಂಚೆಯೇ ಹಿಂದಿಯ ಬೈಗುಳ ಬಂದಿತ್ತು. ಈಗಲೂ ಆವೇಶದಲ್ಲಿ ಗಂಡಸರನ್ನು ಸ್ತ್ರೀಲಿಂಗದಲ್ಲಿ ಬೈದು, ಬೈಸಿಕೊಂಡವರು ಅವಮಾನ ಪಡಬೇಕೋ ವ್ಯಾಕರಣ ತಿದ್ದಬೇಕೋ ತಿಳಿಯದೆ ಬಾಯಿಬಿಟ್ಟುಕೊಂಡು ನಿಲ್ಲುವಂತೆ ಮಾಡುವುದುಂಟು. ಹಾರನ್ ಅಂತೂ ವಾಹನದ ಅಂಗವೆಂದು ನಾನು ಭಾವಿಸಿದವಳೇ ಅಲ್ಲ; ಅದು ನನ್ನದೇ ಗಂಟಲು.

ದ್ವಾರಕಾದ ನಮ್ಮ ಸೊಸೈಟಿಯಿಂದ ಆಫೀಸಿಗೆ ನನ್ನ ಕಾರಿನಲ್ಲಿ ಇನ್ನಿಬ್ಬರು ಬರುತ್ತಾರೆ. ಮುಂದಿನ ಸೀಟಿನಲ್ಲಿ ನಾಜಿಯಾ, ಹುಬ್ಬಳ್ಳಿಯ ಹುಡುಗಿ. ನಮ್ಮ ಕಟ್ಟಡದಲ್ಲೇ ಮೇಲಿನ ಅಂತಸ್ತಿನ ಬೇರೊಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಹಿಂದಿನ ಸೀಟಿನಲ್ಲಿ ಅವಳ ಸಹೋದ್ಯೋಗಿ ಬೋಪಣ್ಣ, ಕೊಡಗಿನವನು. ಅವನ ತಂದೆ, ತಾತ, ಚಿಕ್ಕಪ್ಪಂದಿರೆಲ್ಲ ಸೈನ್ಯದಲ್ಲಿದ್ದು ದೇಶಕ್ಕಾಗಿ ಎಚ್ಚರವಾಗಿದ್ದುದರಿಂದಲೋ ಏನೋ, ಮನೆತನದ ಉಳಿದ ನಿದ್ದೆಯನ್ನೆಲ್ಲ ಇವನು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ನನ್ನ ಕಾರಿನಲ್ಲಿ ಪೂರೈಸುತ್ತಾನೆ. ಮನೆಯಲ್ಲಿ ನಮ್ಮವರು ಕನ್ನಡದವರೇ, ಆದರೆ ಟೀವಿ ಸುದ್ದಿಯ ಮುಂದೆ ಕೂತ ಮನುಷ್ಯ ಯಾವ ಭಾಷೆಯವನೂ ಆಗಿರುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ನನ್ನ ಕನ್ನಡಕ್ಕೆ ‘ಅಚ್ಛಾ ಮಮ್ಮಾ’ ಎಂದು ಉತ್ತರ ಕೊಡುವವಳು. ಹಾಗಾಗಿ ಬೆಳಗಿನ ಒಂದು ಗಂಟೆ, ಟ್ರಾಫಿಕ್ ಜಾಮಿನ ಕೃಪೆಯಿದ್ದರೆ ಒಂದೂವರೆ ಗಂಟೆ, ನಾಜಿಯಾಳ ಜೊತೆ ಆಡುವ ಮಾತೇ ನನ್ನ ದಿನದ ಕನ್ನಡ. ಅವಳ ‘ಹೌದ್ರೀ ಅಕ್ಕಾ’ ಎಂಬ ಒಂದೇ ಮಾತಿಗೆ ಬೆಂಕಿಪೊಟ್ಟಣದಂಥ ಆ ಕಾರು ವಿಶಾಲವಾಗಿಬಿಡುತ್ತಿತ್ತು.

ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಅದೂ ಕೈತಪ್ಪುವ ಕಾಲ ಬಂತು. ಒಂದು ದಿನ ಎಡಗಡೆಯಿಂದ ನುಗ್ಗಿ ಬಂದ ಭಾರಿ ಜೀಪೊಂದರ ಚಾಲಕನಿಗೆ ನಾನು ಗಾಜಿಳಿಸಿ, ನನ್ನ ಶಬ್ದಭಂಡಾರದ ಮೇಲಿನ ಅಟ್ಟದಲ್ಲಿದ್ದುದನ್ನೆಲ್ಲ ಇಳಿಸಿದೆ. ಸಾಮಾನ್ಯವಾಗಿ ಜನ ಅಷ್ಟಕ್ಕೇ ಕೈಬೀಸಿ ಹೋಗುತ್ತಾರೆ. ಈತ ಹೋಗಲಿಲ್ಲ. ನಮ್ಮನ್ನು ಹಿಂಬಾಲಿಸಿ ಬಂದು, ಮೇಲ್ಸೇತುವೆ ಇಳಿದ ಕೂಡಲೇ ಜೀಪನ್ನು ಅಡ್ಡ ನಿಲ್ಲಿಸಿ, ಇಳಿದು ಬಂದು ಬಾನೆಟ್ಟಿನ ಮೇಲೆ ಎರಡೂ ಕೈಯಿಂದ ಗುದ್ದಿದ. ಕಾರಿನೊಳಗೆ ಗುದ್ದು ಎದೆಗೇ ಬಿದ್ದ ಹಾಗೆ ಕೇಳಿಸಿತು. ನನ್ನ ಶಬ್ದಭಂಡಾರದಲ್ಲಿ ಒಂದೂ ಶಬ್ದ ಉಳಿದಿರಲಿಲ್ಲ. ಆತ ಸಾಕಾಗುವಷ್ಟು ಗುದ್ದಿ, ಸಾಕಾಗುವಷ್ಟು ಅಂದು, ತಾನಾಗಿ ಹೊರಟುಹೋದ. ಆಮೇಲೆ ನೋಡಿದರೆ ನಾಜಿಯಾ ದುಪಟ್ಟಾದ ತುದಿಯನ್ನು ಬಾಯಿಗಿಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

ಆಫೀಸು ಬಂತು. ಇಳಿಯುವಾಗ ಅವಳು ಹೇಳಿದಳು: “ಅಕ್ಕಾ, ಸಿಟ್ಟಾಗಬ್ಯಾಡ್ರಿ. ಮುಂದಿನ ತಿಂಗಳಿಂದ ನಾ ಮೆಟ್ರೊದಾಗ ಹೋಗ್ತೀನಿ. ನಮ್ಮ ಅಮ್ಮೀಗೆ ನಾ ಒಬ್ಬಾಕೀನ ಮಗಳು.”

ನಾನು ಪೆಚ್ಚಾಗಿ, “ಅವನು ಬಂದದ್ದು ಕಾಣಲೇ ಇಲ್ಲ ಕಣೇ” ಎಂದೆ.

“ಆ ಕನ್ನಡಿ ತೆರದಿಟ್ಟಿದ್ರ ಕಾಣ್ತಿತ್ತಲ್ರಿ?” ಎಂದು ಕೇಳಿ ಅವಳು ಲಿಫ್ಟಿನ ಕಡೆ ನಡೆದಳು.

ಅವತ್ತು ಮಧ್ಯಾಹ್ನ ‘ಒಳನೆಮ್ಮದಿ’ಯ ಶಿಬಿರವಿತ್ತು. ಜಲಪಾತ ಎಂದಿನಂತೆ ಬಿತ್ತು. ಸಂಜೆ ಪಾರ್ಕಿಂಗಿಗೆ ಬಂದವಳು ಪ್ರಾಯಶ್ಚಿತ್ತದ ಭಾವದಲ್ಲಿ ಎಡಗನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಕ್ಕೆ ತಿರುಗಿಸಿದೆ. ಅದು ಮಂಡಿನೋವಿನ ಮುದುಕಿಯ ಹಾಗೆ ಕಟಕಟ ಸದ್ದು ಮಾಡುತ್ತ ಎದ್ದು ನಿಂತಿತು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಆ ಕನ್ನಡಿಗೂ ಬಾಗಿಲಿಗೂ ನಡುವೆ ಅಂಗೈಯಗಲದ ಒಂದು ಬಲೆ. ಎಳೆಎಳೆಯ ಮೇಲೂ ಇಬ್ಬನಿ ಕೂತು ಅದು ಈಗಷ್ಟೇ ತೊಳೆದು ಹರವಿದ ಹಾಗಿತ್ತು. ಕನ್ನಡಿಯ ಗಾಜಿಗೂ ಅದರ ಪ್ಲಾಸ್ಟಿಕ್ ಕವಚಕ್ಕೂ ನಡುವಿನ ಸಂದಿಯಲ್ಲಿ, ನವಣೆಕಾಳಿಗಿಂತ ತುಸು ದಪ್ಪದ ಬೂದುಬಣ್ಣದ ಜೇಡವೊಂದು ಎರಡು ಕಾಲನ್ನು ಮಾತ್ರ ಹೊರಗಿಟ್ಟುಕೊಂಡು, ಹೊಸ್ತಿಲಲ್ಲಿ ಕೂತ ಯಜಮಾನಿತಿಯ ಗತ್ತಿನಲ್ಲಿ ನನ್ನನ್ನು ನೋಡುತ್ತಿತ್ತು. ಅದು ಎಷ್ಟು ಕಾಲದಿಂದ ಆ ಕತ್ತಲಕೋಣೆಯಲ್ಲಿ ಸಂಸಾರ ಹೂಡಿತ್ತೋ! ನಾನು ಕನ್ನಡಿ ತೆರೆದದ್ದು ಅದಕ್ಕೆ ಮನೆಯ ಮುಂದೆ ಅಂಗಳ ಒದಗಿಸಿಕೊಟ್ಟಂತಾಗಿತ್ತು. ಜೇಡಗಳಲ್ಲಿ ಇಂಥ ದುಂಡುಬಲೆ ನೇಯುವುದು ಬಹುಪಾಲು ಹೆಣ್ಣೇ ಎಂದು ಆಮೇಲೆ ಅಂತರ್ಜಾಲದಿಂದ ತಿಳಿದುಕೊಂಡೆ. ಒಂದು ಜಾಲದ ವಿಷಯ ತಿಳಿಯಲು ಇನ್ನೊಂದು ಜಾಲಕ್ಕೆ ಬೀಳಬೇಕಾದದ್ದು ಈ ಕಾಲದ ಹಣೆಬರಹ. ಅಂದಿನಿಂದ ‘ಅದು’ ನನ್ನ ಬಾಯಲ್ಲಿ ‘ಅವಳು’ ಆಯಿತು.

ಇದನ್ನು ಕೇಳಿ ನಾನು ತಕ್ಷಣ ಮುಗ್ಧಳಾಗಿ ನಿಂತುಬಿಟ್ಟೆನೆಂದು ತಿಳಿಯಬೇಡಿ. ನನ್ನ ಮೊದಲ ಯೋಚನೆ ಒರೆಸುವ ಬಟ್ಟೆಯದು. ಬಟ್ಟೆ ಹುಡುಕುವಷ್ಟರಲ್ಲಿ ನಾಜಿಯಾ ಬಂದಳು, ಬಲೆಯನ್ನು ನೋಡಿ ಮೂರು ಹೆಜ್ಜೆ ಹಿಂದೆ ಹೋದಳು. ಜೇಡವೆಂದರೆ ಅವಳಿಗೆ ಪ್ರಾಣಭಯ. “ಅಕ್ಕಾ, ಇದು ಒಳಗ ಬಂದ್ರ ನಾ ಓಡೂ ಗಾಡಿಯಿಂದ ಹೊರಗ ಜಿಗೀತೀನಿ ನೋಡ್ರಿ!” ಎಂದಳು. ಹಿಂದಿನ ದಿನ ಲಿಫ್ಟಿನ ಕಡೆ ನಡೆದ ಮೇಲೆ ಮಾತು ಬಿಟ್ಟಿದ್ದವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಬಟ್ಟೆಯನ್ನು ಒಳಗೆಸೆದೆ. “ಗಾಜು ಏರಿಸಿಕೋ, ಒಳಗೆ ಬರಲ್ಲ. ಅವಳ ಮನೆ ಅವಳಿಗೆ, ನಮ್ಮ ಮನೆ ನಮಗೆ” ಎಂದೆ. ಹೀಗೆ ನನ್ನ ಪ್ರಕೃತಿಪ್ರೇಮದ ಮೂಲದಲ್ಲಿದ್ದುದು ಶುದ್ಧ ಸ್ವಾರ್ಥ.

ಆ ದಿನ ನಾಜಿಯಾ ದಾರಿಯುದ್ದಕ್ಕೂ ಎಡಗಡೆ ಕಣ್ಣು ನೆಟ್ಟು ವರದಿ ಒಪ್ಪಿಸಿದಳು. ವೇಗ ಹೆಚ್ಚಿದಾಗ ಬಲೆ ಹಾಯಿಯಂತೆ ಉಬ್ಬುತ್ತದೆ. ಇನ್ನೂ ಹೆಚ್ಚಿದರೆ ಅವಳು ಸಂದಿಯೊಳಕ್ಕೆ ಓಡುತ್ತಾಳೆ. ಮತ್ತೂ ಹೆಚ್ಚಿದರೆ ಎಳೆಗಳು ಒಂದೊಂದಾಗಿ ಕಿತ್ತುಬರುತ್ತವೆ. ಎಲ್ಲಕ್ಕಿಂತ ಸೋಜಿಗದ್ದು ಹಾರನ್ನಿನ ಸಂಗತಿ. ನಾನು ಹಾರನ್ ಒತ್ತಿದೊಡನೆ ಎಳೆಗಳು ನಡುಗುತ್ತವೆ, ಅವಳು ಬೇಟೆ ಬಿತ್ತೆಂದು ಧಾವಿಸಿ ಹೊರಬರುತ್ತಾಳೆ, ಬಲೆಯ ನಡುವೆ ನಿಂತು ನಾಲ್ಕು ದಿಕ್ಕಿಗೂ ಕಾಲಾಡಿಸಿ ನೋಡುತ್ತಾಳೆ, ಏನೂ ಇಲ್ಲವೆಂದು ತಿಳಿದು ಹಿಂದಿರುಗುತ್ತಾಳೆ. “ಪಾಪ ಅಕ್ಕಾ, ಊಟಕ್ಕ ಕರದು ಎಬ್ಬಿಸಿ ಕಳಿಸಿದಂಗ ಆತು” ಎಂದಳು ನಾಜಿಯಾ. ಮನುಷ್ಯರ ನಿದ್ದೆಗೆ, ಕಿವಿಗೆ, ಹೃದಯಕ್ಕೆ ಹಾರನ್ನಿನಿಂದಾಗುವ ಹಾನಿಯ ಬಗ್ಗೆ ನಾನು ಎಷ್ಟೋ ಓದಿದ್ದೆ, ಶಿಬಿರಗಳಲ್ಲಿ ಹೇಳಿಯೂ ಇದ್ದೆ. ನಾಟಿರಲಿಲ್ಲ. ಆದರೆ ತುಮಕೂರಿನ ಕಡೆಯವಳಾಗಿ, ಹಸಿದವಳನ್ನು ಎಲೆಯ ಮುಂದೆ ಕೂರಿಸಿ ಬಡಿಸದೆ ಎಬ್ಬಿಸುವ ಪಾಪ ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹಾರನ್ನಿನ ಮೇಲಿನ ಕೈ ತಾನಾಗಿ ಇಳಿಯಿತು.

ಹಾರನ್ನಿಲ್ಲದೆ, ವೇಗವಿಲ್ಲದೆ ದೆಹಲಿಯ ರಸ್ತೆಯಲ್ಲಿ ಹೋಗುವುದೆಂದರೆ ಮೌನವ್ರತ ಹಿಡಿದು ಮೀನಿನ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಿದ ಹಾಗೆ. ನಾನು ಎಡಪಕ್ಕಕ್ಕೆ ಸರಿದೆ. ಈ-ರಿಕ್ಷಾಗಳು ನನ್ನನ್ನು ದಾಟಿದವು. ಕಬ್ಬಿನ ರಾಶಿ ಹೊತ್ತ ಟ್ರ್ಯಾಕ್ಟರೊಂದು ದಾಟಿತು. ಅದರ ಮೇಲೆ ಕೂತ ಮುದುಕ ಕರುಣೆಯಿಂದ ನನ್ನ ಚಕ್ರಗಳ ಕಡೆ ನೋಡಿದ, ಗಾಳಿ ಹೋಗಿದೆಯೇನೋ ಎಂದು. ಹಿಂದಿನವರು ಬೈದರು. ನನಗೆ ಗೊತ್ತಿದ್ದ ಬೈಗುಳಗಳೇ, ಆದರೆ ಲಿಂಗ ವಚನಗಳೆಲ್ಲ ಸರಿಯಾಗಿದ್ದವು. ಇಷ್ಟು ವರ್ಷದ ನಂತರ ನನ್ನ ಹಿಂದಿ ಸುಧಾರಿಸುವ ಒಂದು ಅವಕಾಶ. ಅಷ್ಟಾದರೂ ಸಂಜೆಯ ಹೊತ್ತಿಗೆ ಬಲೆ ಚಿಂದಿಯಾಗಿರುತ್ತಿತ್ತು, ಮರುದಿನ ಬೆಳಿಗ್ಗೆ ಹೊಸದಾಗಿರುತ್ತಿತ್ತು.

ಇನ್ನೊಂದು ಅಪಾಯವಿತ್ತು. ನಮ್ಮ ಸೊಸೈಟಿಯಲ್ಲಿ ದಿನಾ ಮುಂಜಾನೆ ಕಾರುಗಳನ್ನೆಲ್ಲ ಒರೆಸಿಹೋಗುವ ಭಯ್ಯಾ ಒಬ್ಬನಿದ್ದಾನೆ. ಎಡಗನ್ನಡಿಯನ್ನು ಮುಟ್ಟಬೇಡ ಎಂದು ಅವನಿಗೆ ಹೇಳಿದೆ. ಅವನು ಬಲೆಯನ್ನು ನೋಡಿದ, ನನ್ನನ್ನು ನೋಡಿದ, ದನಿ ತಗ್ಗಿಸಿ “ಮನ್ನತ್ ಹೈ ಕ್ಯಾ, ಮೇಡಂಜೀ?” ಎಂದು ಕೇಳಿದ. ಹರಕೆಯೇ ಎಂಬ ಪ್ರಶ್ನೆ. ವಿವರಿಸಲು ಹೋದರೆ ನನ್ನ ಬುದ್ಧಿಸ್ವಾಸ್ಥ್ಯದ ಸುದ್ದಿ ಎಲ್ಲ ಬ್ಲಾಕುಗಳಿಗೂ ಹರಡುತ್ತದೆಂದು ಹೆದರಿ, “ಹಾಂ” ಎಂದುಬಿಟ್ಟೆ. ಮರುದಿನದಿಂದ ಅವನು ಕಾರಿನ ಉಳಿದ ಭಾಗವನ್ನೆಲ್ಲ ಒರೆಸಿ, ಎಡಗನ್ನಡಿಯ ಮುಂದೆ ಮಾತ್ರ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೈಜೋಡಿಸತೊಡಗಿದ. ನೆಲಮಹಡಿಯ ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ ಯಾವ ಕಾಮನೆಗೆ ಈ ಹರಕೆ ಫಲಿಸುತ್ತದೆಂದು ನನ್ನನ್ನು ಲಿಫ್ಟಿನಲ್ಲಿ ವಿಚಾರಿಸಿದರು.

ಬಲೆ ನೇಯುವುದನ್ನೇ ನೋಡಬೇಕೆಂಬ ಹುಚ್ಚು ಹಿಡಿದದ್ದು ಆಗಲೇ. ಒಂದು ಭಾನುವಾರ, ಇನ್ನೂ ಬೆಳಕು ಮೂಡುವ ಮುಂಚೆ, ನೈಟಿಯ ಮೇಲೊಂದು ಶಾಲು ಹೊದ್ದು ಕೆಳಗಿಳಿದೆ. ಕಾವಲುಗಾರ ಎದ್ದು ನಿಂತು, ಸಾಹೇಬರ ಜೊತೆ ಜಗಳವೇ ಎಂದು ವಿನಯದಿಂದ ಕೇಳಿದ. ಇಲ್ಲವೆಂದು ಹೇಳಿ ಕಾರಿನೊಳಗೆ, ನಾಜಿಯಾ ಕೂರುವ ಸೀಟಿನಲ್ಲಿ ಕೂತು ಗಾಜಿಗೆ ಮುಖವಿಟ್ಟೆ. ಪಾರ್ಕಿಂಗಿನ ದೀಪ ಆಚೆಯಿಂದ ಬೀಳುತ್ತಿದ್ದುದರಿಂದ ಒಂದೊಂದು ಎಳೆಯೂ ಕಾಣುತ್ತಿತ್ತು. ಅವಳು ಹಳೆಯ ಬಲೆಯ ಚಿಂದಿಗಳನ್ನು ಸುತ್ತಿ ಸುತ್ತಿ ತಿಂದುಬಿಟ್ಟಳು. ಹರಿದ ಬಟ್ಟೆಯನ್ನು ಊಟ ಮಾಡಿ ಅದರಿಂದಲೇ ಹೊಸದನ್ನು ನೇಯುವ ಈ ಮಿತವ್ಯಯವನ್ನು ಕಂಡು, ಬೀರುವಿನ ತುಂಬ ಉಡದ ಸೀರೆ ಪೇರಿಸಿರುವ ನಾನು ತುಸು ಮುದುಡಿದೆ. ಆಮೇಲೆ ಮೇಲಿನಿಂದ ಒಂದೆಳೆಯಲ್ಲಿ ಇಳಿದಳು, ಗಾಳಿಯಲ್ಲಿ ತೂಗಿದಳು, ಬಾಗಿಲಿಗೆ ತಗುಲಿದಳು. ಛತ್ರಿಯ ಕಡ್ಡಿಗಳಂತೆ ನಡುವಿನಿಂದ ಸುತ್ತಲೂ ಎಳೆ ಕಟ್ಟಿದಳು. ಅದಾದ ಮೇಲೆ ಹೊರಗಿನ ಸುತ್ತಿನಿಂದ ಒಳಕ್ಕೆ ಬರುತ್ತ, ಪ್ರತಿ ಕಡ್ಡಿಯ ಬಳಿಯೂ ನಿಂತು, ಮುಂಗಾಲು ಚಾಚಿ ಹಿಂದಿನ ಸುತ್ತನ್ನು ತಡವಿ ಅಳೆದು, ಹಿಂಗಾಲಿನಿಂದ ಹೊಸ ಎಳೆಯನ್ನು ಎಳೆದು ಒತ್ತಿ ಅಂಟಿಸುತ್ತ ಹೋದಳು. ತಡವುವುದು, ಒತ್ತುವುದು, ಮುಂದೆ ಹೋಗುವುದು. ನೋಡುವುದಕ್ಕೆ ಅವಳು ಕಣ್ಣನ್ನು ನಂಬಿದ ಹಾಗೇ ಇರಲಿಲ್ಲ. ಎಲ್ಲ ಕಾಲಿನ ತುದಿಯ ಲೆಕ್ಕಾಚಾರ. ನಡುವೆ ಒಂದು ಎಳೆ ಕಡಿಯಿತು. ಅವಳು ಅದರ ಬಗ್ಗೆ ಯಾರನ್ನೂ ಬೈಯಲಿಲ್ಲ. ಸುಮ್ಮನೆ ಅಲ್ಲಿಗೆ ಹೋಗಿ ಕಟ್ಟಿ ಬಂದಳು.

ಮೇಲೆ ಬಂದಾಗ ನಮ್ಮವರು ಕಾಫಿ ಮಾಡಿಕೊಂಡು ಕೂತಿದ್ದರು. “ಏನು ಯೋಚನೆ ಮಾಡ್ತಾ ಕೂತಿದ್ದೆ ಅಷ್ಟು ಹೊತ್ತು?” ಎಂದು ಕೇಳಿದರು. ನಾನು ಜ್ಞಾಪಿಸಿಕೊಳ್ಳಲು ನೋಡಿದೆ. ಅಷ್ಟು ಹೊತ್ತೂ ನಾನು ಏನನ್ನೂ ಯೋಚಿಸಿರಲಿಲ್ಲ. ಯೋಚನೆ ನಿಲ್ಲಿಸುವುದು ಹೇಗೆಂದು ಪರದೆ ಎಳೆದು ವರ್ಷಗಟ್ಟಲೆ ಬೋಧಿಸುತ್ತ ಬಂದವಳಿಗೆ ಅದು ನಿಂತದ್ದು ಗೊತ್ತೇ ಆಗಿರಲಿಲ್ಲ. ಗೊತ್ತಾದ ಕೂಡಲೇ ಮತ್ತೆ ಶುರುವಾಯಿತು. ಇದನ್ನು ಶಿಬಿರದಲ್ಲಿ ಹೇಗೆ ಬಳಸಬಹುದು ಎಂದು.

ಬಳಸಿಯೂ ಬಿಟ್ಟೆ. ಜಲಪಾತವನ್ನು ತೆಗೆದು ಆ ಜಾಗದಲ್ಲಿ ನಾನೇ ತೆಗೆದ ಬಲೆಯ ಫೋಟೊ ಹಾಕಿ, ಕಂಪಿಸುವ ಕಂಠದಲ್ಲಿ ಮಾತಾಡಿದೆ. ಮುಂದಿನ ಸಾಲಿನಲ್ಲಿದ್ದ ಸಜ್ಜನರೊಬ್ಬರು ಕೈಯೆತ್ತಿ, ಇದು ಯಾವ ಅಂತಸ್ತಿನಲ್ಲಿದೆ ಮೇಡಂ, ಔಷಧಿ ಹೊಡೆಯುವವರಿಗೆ ಹೇಳಿ ಕಳಿಸುತ್ತೇನೆ ಎಂದರು. ಮರುದಿನ ಜಲಪಾತ ಸ್ವಸ್ಥಾನಕ್ಕೆ ಮರಳಿತು.

ಹೀಗೆ ಮಳೆಗಾಲ ಕಳೆಯಿತು, ದಸರೆ ಕಳೆಯಿತು. ಮೆಟ್ರೊದ ‘ಮುಂದಿನ ತಿಂಗಳು’ ಬಂದು ಹೋಯಿತು. ನಾನು ಕೇಳಲಿಲ್ಲ, ನಾಜಿಯಾ ಹೇಳಲಿಲ್ಲ. ಬೆಳಿಗ್ಗೆ ಬಂದವಳು ಗಾಜು ಏರಿದೆಯೇ ಎಂದು ನೋಡಿ ಬಾಗಿಲು ತೆಗೆಯುವಳು, “ಬಾಯಾರು ಆರಾಮದಾರ?” ಎಂದು ಬಲೆಯವಳ ಯೋಗಕ್ಷೇಮ ವಿಚಾರಿಸುವಳು. ಬೋಪಣ್ಣನಿಗೆ ಮಾತ್ರ ಈ ಯಾವ ವಿಷಯವೂ ತಲುಪಿರಲಿಲ್ಲ. ಗಾಡಿ ನಿಧಾನವಾದದ್ದರಿಂದ ತನ್ನ ನಿದ್ದೆ ಉದ್ದವಾಗಿದೆಯೆಂಬುದಷ್ಟೇ ಅವನಿಗೆ ಗೊತ್ತಿದ್ದದ್ದು.

ದೀಪಾವಳಿ ಮುಗಿದು ಗಾಳಿ ಕೆಟ್ಟಿತು. ಬೆಳಗಾದರೂ ಬೆಳಕಾಗದ, ಸೂರ್ಯ ಹಳೆಯ ತಾಮ್ರದ ತಟ್ಟೆಯಂತೆ ತೂಗುವ ದಿನಗಳು. ಅಂಥದೊಂದು ಬೆಳಿಗ್ಗೆ ಮೇಲ್ಸೇತುವೆಯ ಕೆಳಗೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನು ನಿಂತಿದ್ದೆ. ಎಡಗಡೆಯಿಂದ ಒಂದು ಮೋಟಾರ್ ಸೈಕಲ್ ನಮಗೂ ಬಸ್ಸಿಗೂ ನಡುವಿನ ಓಣಿಯಲ್ಲಿ ನುಗ್ಗಿತು. ಟಪ್ ಎಂದು ಒಂದು ಸದ್ದಾಯಿತು. ಎಡಗನ್ನಡಿ ಬುಡಸಮೇತ ಕಿತ್ತು, ಒಂದು ವೈರಿನ ಮೇಲೆ ತಲೆಕೆಳಗಾಗಿ ನೇತಾಡಿತು.

ಮೋಟಾರ್ ಸೈಕಲ್ ನಿಂತಿತು. ಓಡಿಸುತ್ತಿದ್ದಾತ ನಡುವಯಸ್ಸಿನ ದಪ್ಪ ಮನುಷ್ಯ, ಹರಿಯಾಣದ ಕಡೆಯ ಮೀಸೆ. ಹಿಂದೆ ಹೆಂಡತಿ ತೊಡೆಯ ಮೇಲೆ ದೊಡ್ಡ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಈ ಊರಿನಲ್ಲಿ ತಪ್ಪು ಯಾರದ್ದೋ ಅವರೇ ಮೊದಲು ಕೂಗಬೇಕೆಂಬುದು ಸಂಪ್ರದಾಯ. ಆತ ಹೆಲ್ಮೆಟ್ ತೆಗೆಯುತ್ತಲೇ ಶುರುಮಾಡಿದ. ನೋಡಿ ಓಡಿಸಬಾರದೇ ಆಂಟೀಜೀ, ಯಾರಾದರೂ ಈ ಕನ್ನಡಿ ತೆರೆದಿಡುತ್ತಾರೆಯೇ ಎಂದು. ನಾನು ಬಾಗಿಲು ತೆಗೆದು ಇಳಿದೆ. ನಾಜಿಯಾ “ಅಕ್ಕಾ, ಬ್ಯಾಡ್ರಿ! ಅಕ್ಕಾ!” ಎಂದು ನನ್ನ ತೋಳಿಗೆ ಕೈಹಾಕಿದ್ದು ತಪ್ಪಿತು. ಬೋಪಣ್ಣ ಕಿವಿಯಿಂದ ಹೆಡ್‌ಫೋನ್ ಕಿತ್ತ. ಮನೆತನದ ರಕ್ತ ಕೊನೆಗೂ ಎಚ್ಚೆತ್ತಿರಬೇಕು. “ಆಂಟಿ, ನಾನು ನೋಡ್ಕೋತೀನಿ” ಎಂದು ಅವನೂ ಇಳಿದ. ಮೀಸೆಯವನು ಎದೆಯುಬ್ಬಿಸಿ ನನ್ನ ಕಡೆ ಒಂದು ಹೆಜ್ಜೆ ಇಟ್ಟ.

“ಹಿಲನಾ ಮತ್!” ಎಂದು ಚೀರಿದೆ. ಅಲುಗಬೇಡ ಎಂದು.

ನಾನು ಚೀರಿದ ರೀತಿಗೆ ಆತ ಎತ್ತಿದ ಕಾಲನ್ನು ಎತ್ತಿದಲ್ಲೇ ನಿಲ್ಲಿಸಿದ. ನಾನು ಅವನನ್ನು ದಾಟಿ, ನೇತಾಡುತ್ತಿದ್ದ ಕನ್ನಡಿಯ ಮುಂದೆ ಮಂಡಿಯೂರಿ ಕೂತೆ. ಗಾಜು ಸೀಳಿತ್ತು. ಸಂದಿ ಖಾಲಿಯಾಗಿತ್ತು.

“ಇದರಲ್ಲಿ ಒಂದು ಜೇಡ ಇತ್ತು” ಎಂದೆ ಹಿಂದಿಯಲ್ಲಿ. ಐವತ್ತು ದಾಟಿದ ಹೆಂಗಸು ರಸ್ತೆಯ ಮಧ್ಯೆ ಕೂತು ಜೇಡಕ್ಕಾಗಿ ಕಣ್ಣೀರು ತುಂಬಿಕೊಳ್ಳುವುದು ಎಷ್ಟು ಹಾಸ್ಯಾಸ್ಪದವೆಂದು ನನಗೆ ಆಗಲೂ ಗೊತ್ತಿತ್ತು, ಗೊತ್ತಿದ್ದು ಪ್ರಯೋಜನವಾಗಲಿಲ್ಲ.

“ಕ್ಯಾ ಥೀ?” ಏನಿತ್ತು ಎಂದ ಆತ.

“ಮಕಡೀ.”

ಆತ ಎತ್ತಿದ ಕಾಲನ್ನು ಮೆಲ್ಲಗೆ, ನೆಲವನ್ನು ಪರೀಕ್ಷಿಸಿ, ಇಳಿಸಿದ. “ಪಾಲ್ ರಖೀ ಥೀ?” ಎಂದು ಕೇಳಿದ. ಸಾಕಿಕೊಂಡಿದ್ದಿರಾ ಎಂದು. ಸ್ವರದಲ್ಲಿ ಕುಹಕವಿರಲಿಲ್ಲ, ಮನೆಯಲ್ಲಿ ಎಮ್ಮೆಯನ್ನೋ ನಾಯಿಯನ್ನೋ ಸಾಕಿದ ಮನುಷ್ಯ ಸಾಕಿದ ಇನ್ನೊಬ್ಬರನ್ನು ಕೇಳುವ ಹಾಗಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಅವನೂ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಡಾಂಬರನ್ನು ಹುಡುಕತೊಡಗಿದ. ಬೋಪಣ್ಣ ಚಕ್ರದ ಬಳಿ ಬಗ್ಗಿದ. ಹಿಂದೆ ಹಾರನ್ನುಗಳು ಮೊಳಗುತ್ತಿದ್ದವು. ಟ್ಯಾಕ್ಸಿಯೊಂದರಿಂದ ಒಬ್ಬ ತೋಳೇರಿಸುತ್ತ ಇಳಿದು ಬಂದವನು ಏನು ಗಲಾಟೆ ಎಂದು ಗದರಿದಾಗ, ಮೀಸೆಯವನು ತಲೆಯೆತ್ತದೆ, “ರುಕೋ ಭಾಈ, ಆಂಟೀಜೀ ಕೀ ಮಕಡೀ ಖೋ ಗಯೀ ಹೈ” ಎಂದ. ಆಂಟಿಯ ಜೇಡ ಕಳೆದುಹೋಗಿದೆ. ಟ್ಯಾಕ್ಸಿಯವನು ಒಂದು ಕ್ಷಣ ನಿಂತು, ತನ್ನ ಚಪ್ಪಲಿಯ ಅಡಿ ತಿರುಗಿಸಿ ನೋಡಿಕೊಂಡ. ಆಮೇಲೆ ಅವನೂ ಬಗ್ಗಿದ.

ಆಗ ಮೇಲಿನಿಂದ ಬಹಳ ಸಣ್ಣ ದನಿಯೊಂದು ಕೇಳಿತು. “ಅಕ್ಕಾ. ಇಲ್ಲೇ ಅದಾಳ.”

ನಾಜಿಯಾ ಯಾವಾಗಲೋ ಇಳಿದು ಬಾಗಿಲ ಬಳಿ ನಿಂತಿದ್ದಳು. ಅವಳ ಹಳದಿ ದುಪಟ್ಟಾದ ಮೇಲೆ, ಭುಜದ ಹತ್ತಿರ, ಬೂದುಬಣ್ಣದ ಕಾಳು. ನಾಜಿಯಾ ಉಸಿರು ಬಿಗಿಹಿಡಿದಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ದುಪಟ್ಟಾ ಅಲುಗದಂತೆ ನಿಂತಿದ್ದಳು. ಕೊಡವಿಬಿಡುವುದು ಒಂದು ಕ್ಷಣದ ಕೆಲಸ. ಅವಳು ಕೊಡವಲಿಲ್ಲ.

“ಕೊಡು, ನಾನು ತಗೋತೀನಿ” ಎಂದೆ.

“ಬ್ಯಾಡ್ರಿ. ಕೈ ಬದಲಾದ್ರ ಓಡ್ತಾಳ. ಎಲ್ಲಿ ಬಿಡೂದು ಹೇಳ್ರಿ.”

ರಸ್ತೆಯ ನಡುವಿನ ಡಿವೈಡರಿನ ಮೇಲೆ ಧೂಳು ಮೆತ್ತಿದ ಕಣಗಿ‌ಲೆಯ ಸಾಲಿತ್ತು. ಅಲ್ಲಿಗೆ, ಆಗಲೇ ತೆವಳತೊಡಗಿದ್ದ ಎರಡು ಸಾಲು ವಾಹನ ದಾಟಬೇಕು. ಮೀಸೆಯವನು ಎದ್ದು ಮುಂದೆ ಹೋಗಿ ಎರಡೂ ಕೈ ಚಾಚಿ ರಸ್ತೆಗೆ ಅಡ್ಡ ನಿಂತ. ಅವನ ಗಾತ್ರಕ್ಕೆ ಅದು ಕಷ್ಟವಾಗಲಿಲ್ಲ. ನಾಜಿಯಾ ಆರತಿ ತಟ್ಟೆ ಹಿಡಿದವಳಂತೆ ಭುಜ ಅಲುಗಿಸದೆ, ಒಂದೊಂದೇ ಹೆಜ್ಜೆಯಿಟ್ಟು ದಾಟಿದಳು. ದುಪಟ್ಟಾದ ಅಂಚನ್ನು ಕಣಗಿಲೆಯ ಎಲೆಗೆ ತಾಗಿಸಿ ಕಾದಳು. ಜೇಡ ಮುಂಗಾಲು ಚಾಚಿ ಎಲೆಯನ್ನು ತಡವಿತು, ಅಳೆಯಿತು, ದಾಟಿಕೊಂಡಿತು. ಆಮೇಲೆ ನಾಜಿಯಾ ಅಲ್ಲೇ ಡಿವೈಡರಿನ ಕಟ್ಟೆಯ ಮೇಲೆ ಕೂತು, ಇಷ್ಟು ಹೊತ್ತು ತಡೆದಿದ್ದ ಉಸಿರನ್ನೆಲ್ಲ ಬಿಟ್ಟು, ಗಟ್ಟಿಯಾಗಿ ನಗತೊಡಗಿದಳು. ಮೋಟಾರ್ ಸೈಕಲ್ಲಿನ ಮೇಲೆ ಅಷ್ಟೂ ಹೊತ್ತು ಡಬ್ಬಿ ಹಿಡಿದು ಕೂತಿದ್ದ ಹೆಂಗಸು, ಇನ್ನಾದರೂ ಹೊರಡೋಣವೇ, ಹಲ್ವಾ ಆರಿಹೋಗುತ್ತಿದೆ ಎಂದು ಗಂಡನಿಗೆ ಹೇಳಿದಳು.

ಆ ದಾರಿಯಲ್ಲಿ ಮತ್ತೆ ಎಷ್ಟೋ ಸಲ ಹೋದೆವು. ಹೊಗೆಮಂಜಿನಲ್ಲಿ ಡಿವೈಡರ್ ಕಂಡರೆ ಹೆಚ್ಚು, ಎಲೆಗಳನ್ನು ಯಾರು ಕಂಡರು. ಒಂದು ಮಳೆ ಬಿದ್ದು ಆಕಾಶ ತೊಳೆದ ಮಾರನೆಯ ದಿನ, ಅದೇ ಜಾಗದಲ್ಲಿ ಡಿವೈಡರಿಗೆ ಒತ್ತಿ ನಿಲ್ಲಿಸಿದ್ದ ಮೋಟಾರ್ ಸೈಕಲ್ಲೊಂದು ಕಂಡಿತು. ಹೆಂಡತಿ ಎಂದಿನಂತೆ ಹಿಂದಿನ ಸೀಟಿನಲ್ಲೇ ಕೂತು ಹೊತ್ತಾಯಿತೆಂದು ಗೊಣಗುತ್ತಿದ್ದಳು. ಮೀಸೆಯವನು ಹೆಲ್ಮೆಟ್ ಕಂಕುಳಲ್ಲಿ ಅವುಚಿಕೊಂಡು, ಕಣಗಿಲೆಯ ಪೊದೆಯೊಳಗೆ ತಲೆ ತೂರಿಸಿದ್ದ.

ನಮ್ಮನ್ನು ನೋಡಿದ್ದೇ, “ಆಂಟೀಜೀ! ಜಾಲಾ ಬನಾ ಲಿಯಾ!” ಎಂದು ಕೂಗಿದ. ಬಲೆ ಕಟ್ಟಿಬಿಟ್ಟಿದ್ದಾಳೆ ಎಂದು. ಮಗಳ ಹೊಸಮನೆಗೆ ಬೀಗರನ್ನು ಕರೆಯುವವನ ಸಡಗರ. ನಾನು ಪಕ್ಕಕ್ಕೆ ನಿಲ್ಲಿಸಿದೆ. ಮೂವರೂ ಇಳಿದೆವು.

ಎರಡು ಕೊಂಬೆಗಳ ನಡುವೆ ಮೊರದಗಲದ ಬಲೆ, ನಡುವೆ ಹೆಬ್ಬೆರಳು ಗಾತ್ರದ ಕರಿಯ ಜೇಡ, ಬೆನ್ನಿನ ಮೇಲೆ ಸ್ಪಷ್ಟವಾಗಿ ಎರಡು ಹಳದಿ ಪಟ್ಟೆ. ಜಾತಿ ಬೇರೆ, ಕುಲ ಬೇರೆ, ಗಾತ್ರದಲ್ಲಿ ನಮ್ಮವಳ ಇಪ್ಪತ್ತು ಪಾಲು. ಬೋಪಣ್ಣನಿಗೂ ಗೊತ್ತಾಗಿ ಅವನು ಬಾಯಿ ತೆರೆದ. ನಾಜಿಯಾ ಅವನ ಕಾಲು ತುಳಿದಳು.

“ವಹೀ ಹೈ ನಾ?” ಎಂದು ಆತ ನನ್ನ ಮುಖವನ್ನೇ ನೋಡುತ್ತ ಕೇಳಿದ. ಅವಳೇ ಅಲ್ಲವೇ?

ಅಂತರ್ಜಾಲದಿಂದ ನಾನು ಸಂಪಾದಿಸಿದ್ದ ಜೇಡಜ್ಞಾನವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಯಾರೋ ಹಾರನ್ ಒತ್ತುತ್ತಿದ್ದರು. ಬಲೆ ಬಿಸಿಲಿಗೆ ಒಮ್ಮೆ ಇಡಿಯಾಗಿ ಮಿನುಗಿತು.

“ಹಾಂ ಭಯ್ಯಾ” ಎಂದೆ, “ವಹೀ ಹೈ. ಚೆನ್ನಾಗಿ ಉಂಡು ದಪ್ಪಗಾಗಿದ್ದಾಳೆ.” ಕೊನೆಯ ಮಾತು ಕನ್ನಡದಲ್ಲೇ ಬಂದುಬಿಟ್ಟಿತ್ತು. ಆದರೂ ಆತ ಪೂರ್ತಿ ಅರ್ಥವಾದವನಂತೆ ತಲೆದೂಗಿದ.